ಬೆಸುಗೆಯ ಬಳಿಯೇ ತುಕ್ಕು ಏಕೆ?

ಅಡಿಕೆ ಒಣಗಿಸುವ ಚಪ್ಪರಕ್ಕೆ, ಕಾಫಿ ಕಣದ ಮಾಡಿಗೆ, ತೋಟದ ಗೇಟಿಗೆ ನಮ್ಮಲ್ಲಿ ಅನೇಕರು ಜಿ.ಐ. ಪೈಪನ್ನು ಬಳಸುತ್ತೇವೆ. ಮರಕ್ಕೆ ಗೆದ್ದಲಿನ ಕಾಟ, ಬರಿಯ ಕಬ್ಬಿಣಕ್ಕೆ ತುಕ್ಕಿನ ಕಾಟ; ಜಿ.ಐ.ಗೆ ಎರಡೂ ಇಲ್ಲವೆಂಬುದು ನಮ್ಮ ನಂಬಿಕೆ. ಆದರೆ ಕೆಲವು ಮಳೆಗಾಲ ಕಳೆದ ಮೇಲೆ ನೋಡಿದರೆ ಪೈಪಿನ ಮೈ ಚೆನ್ನಾಗಿಯೇ ಇರುತ್ತದೆ, ಬೆಸುಗೆ ಹಾಕಿದ ಮೂಲೆಗಳಿಂದ ಮಾತ್ರ ಕೆಂಪು ನೀರು ಇಳಿದಿರುತ್ತದೆ. ಮಾಡಿನ ಭಾರ ಹೊರುವುದು ಆ ಮೂಲೆಗಳೇ. ಗಾಳಿಮಳೆಗೆ ಮೊದಲು ಸೋಲುವುದೂ ಅವೇ.

ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿದಾಗ ತುಕ್ಕಾಗುತ್ತದೆ. ತುಕ್ಕು ಸಡಿಲವಾದ ಪದರ; ಅದು ಉದುರಿದಂತೆ ಒಳಗಿನ ಕಬ್ಬಿಣ ತೆರೆದುಕೊಳ್ಳುತ್ತದೆ. ಜಿ.ಐ. ಪೈಪಿನ ಮೇಲಿರುವ ಸತುವು ಗಾಳಿಗೆ ಗಟ್ಟಿಯಾಗಿ ಅಂಟುವ ಪದರವನ್ನು ಕಟ್ಟುತ್ತದೆ. ಅಷ್ಟೇ ಅಲ್ಲ, ಸಣ್ಣ ಗೀರು ಬಿದ್ದು ಎರಡೂ ಲೋಹಗಳು ನೆನೆದಾಗ, ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಇಂಥ ಕ್ರಿಯೆಯನ್ನು ನಾವು ಮದ್ದು ಹೊಡೆಯುವಾಗ ನೋಡಿಯೇ ಇದ್ದೇವೆ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದಿದ್ದರೆ, ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಕೂಡುತ್ತದೆ. ಅಲ್ಲಿ ಕಬ್ಬಿಣ ಕರಗುತ್ತದೆ, ತಾಮ್ರ ಅಲಗಿನ ಮೇಲೆ ನಿಲ್ಲುತ್ತದೆ. ತಾಮ್ರದ ಎದುರು ಕಬ್ಬಿಣ ಹೇಗೋ, ಕಬ್ಬಿಣದ ಎದುರು ಸತುವು ಹಾಗೆ. ಮೈಲುತುತ್ತವನ್ನು ಜಿ.ಐ. ಬಕೆಟ್ಟಿನಲ್ಲಿ ಕರಗಿಸಬಾರದೆನ್ನುವುದೂ ಇದರಿಂದಲೇ.

ಇನ್ನು ಬೆಸುಗೆಯ ವಿಷಯ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗಲು ಸುಮಾರು 1500 ಡಿಗ್ರಿ ಬೇಕು. ಆದ್ದರಿಂದ ಬೆಸುಗೆ ಕೂಡುವ ಹೊತ್ತಿಗೆ ಅಕ್ಕಪಕ್ಕದ ಸತುವು ಬಿಳಿ ಹೊಗೆಯಾಗಿ ಹೋಗಿರುತ್ತದೆ. ಹೀಗೆ ಬರಿದಾದ ಜಾಗ ಗೀರಿಗಿಂತ ಅಗಲ. ಉಳಿದ ಸತುವು ಅದನ್ನು ಕಾಯಲಾರದು. ಮೇಲೆ ಬಳಿಯುವ ಸಿಲ್ವರ್ ಪೇಂಟು ನೀರಿಗೆ ತಡೆಯಷ್ಟೇ, ಸತುವಿನ ಕೆಲಸ ಮಾಡದು. ಕಿಟ್ಟದ ಮೇಲೆ ಬಳಿದರಂತೂ ಕಿಟ್ಟದೊಡನೆ ಅದೂ ಉದುರುತ್ತದೆ.

ಮಾಡಬೇಕಾದುದು ಇಷ್ಟು:

1. ಬೆಸುಗೆ ಆರಿದ ಮೇಲೆ ಕಿಟ್ಟವನ್ನು ಸುತ್ತಿಗೆಯಿಂದ ಬಿಡಿಸಿ, ಲೋಹ ಹೊಳೆಯುವವರೆಗೆ ತಂತಿ ಬ್ರಷ್ಷಿನಿಂದ ಉಜ್ಜಬೇಕು.

2. ಎಣ್ಣೆ, ಧೂಳು, ತೇವ ಇಲ್ಲದಂತೆ ಒರೆಸಿ, ಅದೇ ದಿನ ಸತುವು ಹೆಚ್ಚಿರುವ ಪೇಂಟನ್ನು ಎರಡು ಸಲ ಬಳಿಯಬೇಕು. ಅಂಗಡಿಯಲ್ಲಿ ಜಿಂಕ್ ರಿಚ್ ಪ್ರೈಮರ್ ಎಂದು ಕೇಳಬೇಕು. ಅದರ ಅಡಿಗೆ ಬೇರೆ ಬಣ್ಣ ಬೇಡ. ಸತುವು ಕಬ್ಬಿಣಕ್ಕೆ ನೇರವಾಗಿ ತಾಗಬೇಕು.

3. ಅದು ಒಣಗಿದ ಮೇಲೆ ಹೊರಗಿನ ಬಣ್ಣ ಬಳಿಯಬಹುದು.

4. ಸಾಧ್ಯವಾದ ಕಡೆ ಬೆಸುಗೆಯ ಬದಲು ಜಿ.ಐ. ಕ್ಲಾಂಪು, ಬೋಲ್ಟು ಹಾಕಿದರೆ ಸತುವು ಉಳಿಯುತ್ತದೆ.

5. ಸತುವಿನ ಹೊಗೆ ಕುಡಿದವರಿಗೆ ಕೆಲವು ತಾಸಿನ ನಂತರ ಚಳಿಜ್ವರ ಬರುವುದುಂಟು. ಬೆಸುಗೆ ಹಾಕುವವರು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ, ಹೊಗೆ ಮುಖಕ್ಕೆ ಬಾರದಂತೆ ಪಕ್ಕದಲ್ಲಿ ನಿಂತು ಕೆಲಸ ಮಾಡಲಿ.

ಹಳೆಯ ಚಪ್ಪರವಿರುವವರು ಮೇ ತಿಂಗಳೊಳಗೆ ಪ್ರತಿಯೊಂದು ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಮೇಲ್ಮೈಯ ತುಕ್ಕಾದರೆ ಉಜ್ಜಿ ಬಳಿದರೆ ಸಾಕು. ಪದರ ಪದರವಾಗಿ ಏಳುತ್ತಿದ್ದರೆ ಬಣ್ಣದಿಂದ ಮುಚ್ಚದೆ, ಆ ಭಾಗವನ್ನು ಕತ್ತರಿಸಿ ಹೊಸದು ಹಾಕಿಸುವುದೇ ಕ್ಷೇಮ. ಒಂದು ಡಬ್ಬ ಪೇಂಟಿನ ಖರ್ಚನ್ನು ಉಳಿಸಲು ಹೋಗಿ ಮಾಡನ್ನೂ ಅದರಡಿಯ ಬೆಳೆಯನ್ನೂ ಕಳೆದುಕೊಳ್ಳುವುದು ಬೇಡ.