‘ಅಂತ’, ‘ಕಿ’ ಮತ್ತು ‘ದ್ಯಾಟ್’: ನೌನ್ ಕ್ಲಾಜ್ ಕಲಿಯೋಣ

ನಿಪ್ಪಾಣಿಯಲ್ಲಿ ನಮ್ಮ ಅಬ್ಬಾ ಅವರ ಸಣ್ಣ ಅಂಗಡಿ ಇದೆ. ಮಾಲು ಕಳಿಸುವವರು ಕಳೆದ ತಿಂಗಳ ಜಮಾ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಅಬ್ಬಾ ಊರಲ್ಲಿರಲಿಲ್ಲ. ಎಷ್ಟು ಕೊಟ್ಟರು ಅಂತ ನನಗೆ ಗೊತ್ತಿರಲಿಲ್ಲ. ಮೊದಲು ‘ಐ ಡು ನಾಟ್ ನೋ ದ್ಯಾಟ್ ಹೌ ಮಚ್ ಮೈ ಫಾದರ್ ಪೇಯ್ಡ್’ ಎಂದು ಬರೆದೆ. ಏನೋ ಹೆಚ್ಚಾಯಿತು ಅನಿಸಿ ‘ಹೌ ಮಚ್’ ತೆಗೆದು ಕಳಿಸಿದೆ. ಆಗ ಅರ್ಥ ‘ಅಬ್ಬಾ ಹಣ ಕೊಟ್ಟದ್ದೇ ನನಗೆ ಗೊತ್ತಿಲ್ಲ’ ಎಂದಾಯಿತು. ಅವರು ಪೂರ್ತಿ ಬಿಲ್ ಬಾಕಿ ಎಂದು ಹಿಡಿದರು. ಅಬ್ಬಾ ಬಂದು ರಸೀದಿ ತೋರಿಸಬೇಕಾಯಿತು. ತೆಗೆಯಬೇಕಿದ್ದದ್ದು ‘ದ್ಯಾಟ್’.

ನೌನ್ ಕ್ಲಾಜ್ ಎಂದರೆ ನಾಮಪದದ ಕೆಲಸ ಮಾಡುವ ಉಪವಾಕ್ಯ. ಅದರಲ್ಲಿ ಕರ್ತೃ, ಕ್ರಿಯಾಪದ ಎರಡೂ ಇರುತ್ತವೆ. ‘ಹೌ ಮಚ್ ಹೀ ಪೇಯ್ಡ್’ ಎಂಬ ಒಂದೇ ತುಂಡು ನಾಲ್ಕು ಜಾಗದಲ್ಲಿ ಕೂರುವುದನ್ನು ನೋಡಿ:

1. ಕರ್ತೃ: ಹೌ ಮಚ್ ಹೀ ಪೇಯ್ಡ್ ಈಸ್ ಇನ್ ದಿ ಬಿಲ್.
2. ಕರ್ಮ: ಐ ನೋ ಹೌ ಮಚ್ ಹೀ ಪೇಯ್ಡ್.
3. ‘ಈಸ್’ ನಂತರ ಪೂರಕ: ದಿ ಕ್ವೆಶ್ಚನ್ ಈಸ್ ಹೌ ಮಚ್ ಹೀ ಪೇಯ್ಡ್.
4. ಪ್ರಿಪೊಸಿಷನ್ ನಂತರ: ವಿ ಟಾಕ್ಡ್ ಅಬೌಟ್ ಹೌ ಮಚ್ ಹೀ ಪೇಯ್ಡ್.

ಗುರುತಿಸುವ ಉಪಾಯ: ಆ ತುಂಡನ್ನು ತೆಗೆದು ‘ದಿಸ್’ ಇಡಿ. ವಾಕ್ಯ ನಿಂತರೆ ಅದು ನೌನ್ ಕ್ಲಾಜ್.

ನಾವು ತಪ್ಪುವುದು ಎಲ್ಲಿ? ಕನ್ನಡದಲ್ಲಿ ‘ಕೊಟ್ಟರು ಅಂತ’, ‘ಎಷ್ಟು ಕೊಟ್ಟರು ಅಂತ’, ಎರಡಕ್ಕೂ ‘ಅಂತ’ ಬರುತ್ತದೆ. ಉರ್ದುವಿನಲ್ಲೂ ‘ಮಾಲೂಮ್ ನಹೀಂ ಕಿ ಕಿತನಾ ದಿಯಾ’ ಎನ್ನಬಹುದು. ಮರಾಠಿಯ ‘ಕೀ’ ಕೂಡ ಹಾಗೆಯೇ. ನಮ್ಮ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಿನ ರಚನೆ ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿದೆ ಎಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಬರೆದರು. ಹೀಗೆ ನಮ್ಮ ಭಾಷೆಗಳು ಒಂದಕ್ಕೊಂದು ಸಹಾಯ ಮಾಡುತ್ತವೆ. ಇಂಗ್ಲಿಷಿನ ದಾರಿ ಮಾತ್ರ ಬೇರೆ. ಅದಕ್ಕೆ ಎರಡು ನಿಯಮ ನೆನಪಿಡಿ.

ಒಂದು: ‘ದ್ಯಾಟ್’, ಅಥವಾ ಪ್ರಶ್ನೆಪದ, ಅಥವಾ ‘ಇಫ್’. ಮೂರರಲ್ಲಿ ಒಂದೇ ಇರಬೇಕು. ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’.

ಎರಡು: ಉಪವಾಕ್ಯದೊಳಗೆ ಪ್ರಶ್ನೆಯ ಕ್ರಮ ಬೇಡ. ‘ವೇರ್ ಈಸ್ ದಿ ಬ್ಯಾಂಕ್?’ ಎಂಬುದು ‘ಐ ನೋ ವೇರ್ ದಿ ಬ್ಯಾಂಕ್ ಈಸ್’ ಆಗುತ್ತದೆ. ಪರೀಕ್ಷೆಯ ರಿಪೋರ್ಟೆಡ್ ಸ್ಪೀಚ್‌ನಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಈಗ ನೀವು ತಿದ್ದಿ:
ಅ) ಐ ಡು ನಾಟ್ ನೋ ದ್ಯಾಟ್ ವೆನ್ ದಿ ಚಿಕ್ಕೋಡಿ ಬಸ್ ವಿಲ್ ಕಮ್.
ಆ) ಟೆಲ್ ಮಿ ವಾಟ್ ಈಸ್ ಯುವರ್ ರೋಲ್ ನಂಬರ್.

ಉತ್ತರ: ಅ) ‘ದ್ಯಾಟ್’ ತೆಗೆಯಿರಿ. ಆ) ಟೆಲ್ ಮಿ ವಾಟ್ ಯುವರ್ ರೋಲ್ ನಂಬರ್ ಈಸ್.

ಈಗ ಅಂಗಡಿಯ ಇಂಗ್ಲಿಷ್ ಪತ್ರಗಳನ್ನು ನಾನೇ ಬರೆಯುತ್ತೇನೆ. ಕಳಿಸುವ ಮೊದಲು ‘ದ್ಯಾಟ್’ ಎಲ್ಲಿದೆ ಎಂದು ಒಮ್ಮೆ ನೋಡುತ್ತೇನೆ.