ಸ್ಪೀಕರ್ ಪೆಟ್ಟಿಗೆಯ ಗುಂಯ್‌ಗುಡುವಿಕೆಗೆ ಮದ್ದು

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ವೂಫರ್, ಟ್ವೀಟರ್ ಕೊಂಡು ಮನೆಯಲ್ಲೇ ಸ್ಪೀಕರ್ ಕಟ್ಟುವವರು ಕೊನೆಗೆ ಹೇಳುವ ದೂರು ಸಾಮಾನ್ಯವಾಗಿ ಒಂದೇ. ಗಾಯಕನ ದನಿ ಕೊಡದ ಬಾಯಿಗೆ ಮುಖವಿಟ್ಟು ಹಾಡಿದಂತಿದೆ, ಮೃದಂಗದ ಪೆಟ್ಟು ಬಿದ್ದ ಮೇಲೂ ಸದ್ದು ಎಳೆಯುತ್ತದೆ. ಕೂಡಲೇ ಇನ್ನೂ ದುಬಾರಿ ವೂಫರ್ ಹುಡುಕಲು ಹೊರಡುತ್ತಾರೆ. ದಯವಿಟ್ಟು ದುಡ್ಡು ಕಳೆಯಬೇಡಿ. ಪೆಟ್ಟಿಗೆಯ ಹಲಗೆಯೋ ಒಳಗಿನ ಗಾಳಿಯೋ ತಾನೂ ದನಿಗೂಡಿಸುತ್ತಿರುತ್ತದೆ.

ಮೊದಲು ಯಾವುದೆಂದು ಪತ್ತೆ ಮಾಡಿ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ 80ರಿಂದ 1,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋಗಿ, ಸದ್ದು ಹದವಾಗಿರಲಿ. ಹಲಗೆಯ ನಡುವೆ ಬೆರಳಿಟ್ಟು ನೋಡಿ. ಡಾಕ್ಟರರ ಸ್ಟೆತಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಹಲಗೆ ನಡುಗುವ ಅಂಕಿಯನ್ನು ಬರೆದುಕೊಳ್ಳಿ. ಹಲಗೆ ಸುಮ್ಮನಿದ್ದೂ ಸದ್ದು ಉಬ್ಬಿದರೆ ಒಳಗಿನ ಗಾಳಿಯ ಮೇಲೆ ಅನುಮಾನಪಡಿ. ತಾರಸಿಗೆ ಒಯ್ದಾಗ ಆ ಉಬ್ಬು ಮಾಯವಾದರೆ ದೋಷ ಕೋಣೆಯದು, ಪೆಟ್ಟಿಗೆ ಬಿಚ್ಚಬೇಡಿ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್ ಸಾಕು. ಎದುರುಬದುರು ಹಲಗೆಗಳ ನಡುವೆ ಮರದ ಪಟ್ಟಿಯೊಂದನ್ನು ಬಿಗಿಯಾಗಿ ಅಡ್ಡ ಕೊಟ್ಟು ಫೆವಿಕಾಲ್ ಹಚ್ಚಿ ಕೂರಿಸಿ. ಸರಿಯಾಗಿ ಮಧ್ಯಕ್ಕೆ ಬೇಡ, ತುಸು ಪಕ್ಕಕ್ಕೆ ಇರಲಿ. ಮಧ್ಯಕ್ಕೆ ಕೊಟ್ಟರೆ ಎರಡು ಭಾಗವೂ ಒಂದೇ ಸ್ವರಕ್ಕೆ ನಡುಗುತ್ತವೆ. ತೆಳು ಹಲಗೆಯಾಗಿದ್ದರೆ ಕಾರಿನ ಬಾಗಿಲೊಳಗೆ ಅಂಟಿಸುವ ಬಿಟುಮೆನ್ ಹಾಳೆ ಹಚ್ಚಿ. 1970ರ ದಶಕದಲ್ಲಿ ಬಿಬಿಸಿ ರೂಪಿಸಿದ ಎಲ್‌ಎಸ್‌3/5ಎ ಸ್ಪೀಕರಿನ ತೆಳು ಬರ್ಚ್ ಪ್ಲೈವುಡ್ಡಿಗೂ ಇದೇ ಬಗೆಯ ಲೇಪವಿತ್ತು.

ಇನ್ನು ಎಲ್ಲರೂ ಎಡವುವ ಜಾಗ. ಒಳಗೋಡೆಗೆ ಥರ್ಮೋಕೋಲ್ ಇಲ್ಲವೇ ಮೊಟ್ಟೆ ಟ್ರೇ ಅಂಟಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಥರ್ಮೋಕೋಲಿನ ಒಳಗೆ ಗಾಳಿ ಆಡುವುದೇ ಇಲ್ಲ, ಅದು ಸದ್ದನ್ನು ಹೇಗೆ ಹೀರೀತು? ಇಂಚು ದಪ್ಪದ ಸ್ಪಂಜ್ ಕೂಡ ಸಾಲದು. ಲೆಕ್ಕ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಪೆಟ್ಟಿಗೆಯ ಒಳ ಎತ್ತರ 30 ಸೆಂ.ಮೀ. ಇದ್ದರೆ ಅದರ ಇಮ್ಮಡಿಯಿಂದ, ಅಂದರೆ 0.6ರಿಂದ ಭಾಗಿಸಿ: 575 ಹರ್ಟ್ಸ್. ಹಾಡುವ ದನಿಯ ನಡುಮಧ್ಯಕ್ಕೇ ಬಂತು. ಆ ಸ್ವರದಲ್ಲಿ ಮೇಲು-ಕೆಳಗಿನ ಹಲಗೆಗೆ ತಾಗಿದ ಗಾಳಿ ಕದಲುವುದಿಲ್ಲ. ಅತಿ ಹೆಚ್ಚು ಓಡಾಡುವುದು 15 ಸೆಂ.ಮೀ. ದೂರದ ನಡುಭಾಗದಲ್ಲಿ. ಎಳೆಗಳ ನಡುವೆ ಗಾಳಿ ಉಜ್ಜಿಕೊಂಡು ಓಡಾಡಿದರೆ ಮಾತ್ರ ಅದರ ಕಸುವು ಇಳಿಯುತ್ತದೆ. ಹಾಗಾಗಿ ಎಳೆ ಇರಬೇಕಾದದ್ದು ಪೆಟ್ಟಿಗೆಯ ಹೊಟ್ಟೆಯಲ್ಲಿ, ಗೋಡೆಯಲ್ಲಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಬಿಡಿಸಿ, ಮುಚ್ಚಿದ ಪೆಟ್ಟಿಗೆಗೆ ಲೀಟರಿಗೆ ಸುಮಾರು 10 ಗ್ರಾಂನಂತೆ ತುಂಬಿ, ಕೇಳುತ್ತ ಹೆಚ್ಚು ಕಡಿಮೆ ಮಾಡಿ. ಒತ್ತಿ ತುರುಕಬೇಡಿ. ಗ್ಲಾಸ್‌ವುಲ್ ಬಳಸುವವರು ಮಾಸ್ಕ್, ಕೈಗವಸು ಮರೆಯಬಾರದು. ರಂಧ್ರವಿರುವ ಪೆಟ್ಟಿಗೆಗೆ ಅದನ್ನು ಹಾಕಲೇಬೇಡಿ, ಎಳೆ ಹಾರಿ ಮನೆಯೊಳಗೆ ಬರುತ್ತದೆ.

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಮಾತು: ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವ ಪೆಟ್ಟಿಗೆ ಬೇಡವೇ ಬೇಡ. ಮೂರು ದಿಕ್ಕಿನ ಗುಂಗೂ ಒಂದೇ ಸ್ವರದಲ್ಲಿ ಸೇರಿಕೊಳ್ಳುತ್ತದೆ.

ಉಳಿದವು ಚುಟುಕಾಗಿ. ರಂಧ್ರದ ಬಾಯಿಗೂ ವೂಫರ್ ಹಿಂಬದಿಗೂ ಹತ್ತಿ ಅಡ್ಡ ಬರಬಾರದು. ಒಳಗಿನ ತಂತಿ ಕಟ್ಟಿಡಿ, ಸಡಿಲ ತಂತಿಯ ಸದ್ದನ್ನೂ ಜನ ಹಲಗೆಯ ತಲೆಗೆ ಕಟ್ಟುತ್ತಾರೆ. ವೂಫರ್ ಚೌಕಟ್ಟಿನಡಿ ಗ್ಯಾಸ್ಕೆಟ್ ಇಟ್ಟು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. 40 ಹರ್ಟ್ಸ್ ಹಾಕಿ ಜೋಡಣೆಗಳ ಬಳಿ ಹೊರಗಿನಿಂದ ಊದುಬತ್ತಿ ಹಿಡಿಯಿರಿ. ಹೊಗೆ ಅಲುಗಿದ ಕಡೆ ಸೋರಿಕೆಯಿದೆ, ಸಿಲಿಕೋನ್ ಹಚ್ಚಿ ಮುಚ್ಚಿ. ಮತ್ತೆ ಟೋನ್ ಓಡಿಸಿ, ಮೊದಲು ಬರೆದ ಅಂಕಿಗಳೊಂದಿಗೆ ಹೋಲಿಸಿ ನೋಡಿ.