ಗೃಹಸಾಲ ಬೇರೆ ಬ್ಯಾಂಕಿಗೆ ಹೋಯಿತು, ಬಡ್ಡಿಯ ವಿನಾಯಿತಿ ಎಷ್ಟು ಉಳಿಯಿತು?

ಕಡಿಮೆ ಬಡ್ಡಿಯ ಆಸೆಗೆ ಗೃಹಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಂಡವರು ರಿಟರ್ನ್ ತುಂಬುವಾಗ ಎರಡು ಬಗೆಯಲ್ಲಿ ಎಡವುತ್ತಾರೆ. ಮನೆ ಕಟ್ಟಿದ ಸಾಲ ತೀರಿತಲ್ಲ ಎಂದು ವಿನಾಯಿತಿಯನ್ನೇ ಕೈಬಿಡುವವರು ಕೆಲವರು. ಹೊಸ ಬ್ಯಾಂಕ್ ಕೊಟ್ಟ ಬಡ್ಡಿ ಪತ್ರದ ಮೊತ್ತವನ್ನು ಇದ್ದಂತೆಯೇ ತುಂಬಿಬಿಡುವವರು ಹೆಚ್ಚಿನವರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ನೌಕರರಿರಲಿ, ಬನಹಟ್ಟಿಯ ಮಗ್ಗದ ಮಾಲೀಕರಿರಲಿ, ಮೊದಲು ನೋಡಬೇಕಾದದ್ದು ತಾವು ಯಾವ ತೆರಿಗೆ ಪದ್ಧತಿಯಲ್ಲಿದ್ದೇವೆ ಎಂಬುದನ್ನು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಏನೂ ಸಿಗದು. ಹಳೆ ಪದ್ಧತಿ ಆರಿಸಿಕೊಂಡವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 24(ಬಿ) ಸೆಕ್ಷನ್ ಪ್ರಕಾರ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಉಂಟು. ಸಾಲ ತೆಗೆದ ಹಣಕಾಸು ವರ್ಷ ಮುಗಿದ 5 ವರ್ಷದೊಳಗೆ ಮನೆ ಪೂರ್ತಿಯಾಗದಿದ್ದರೆ ಅದು 30 ಸಾವಿರಕ್ಕೆ ಇಳಿಯುತ್ತದೆ.

ವಿನಾಯಿತಿ ಬಿಟ್ಟುಕೊಡುವವರ ಭಯಕ್ಕೆ ಆಧಾರವಿಲ್ಲ. ಮೊದಲ ಸಾಲ ತೀರಿಸಲೆಂದೇ ತೆಗೆದ ಎರಡನೇ ಸಾಲದ ಬಡ್ಡಿಗೂ ವಿನಾಯಿತಿ ಉಂಟೆಂದು ಕೇಂದ್ರ ನೇರ ತೆರಿಗೆ ಮಂಡಳಿ 1969ರ ಆಗಸ್ಟ್ 20ರ 28ನೇ ಸುತ್ತೋಲೆಯಲ್ಲೇ ಹೇಳಿದೆ. ವರ್ಗಾವಣೆಯಾದ ವರ್ಷ ಹಳೆ ಬ್ಯಾಂಕಿನಿಂದ ಒಂದು, ಹೊಸ ಬ್ಯಾಂಕಿನಿಂದ ಒಂದು, ಹೀಗೆ ಎರಡು ಬಡ್ಡಿ ಪತ್ರ ಪಡೆಯಿರಿ. ಹಳೆ ಖಾತೆ ಮುಚ್ಚಿದ ದಿನದ ಬಾಕಿ ತೋರಿಸುವ ಪತ್ರವನ್ನಂತೂ ಬಿಡಬೇಡಿ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆಯೇ.

ಅಸಲಿ ತೊಡಕು ಟಾಪ್‌ಅಪ್ ಸಾಲದ್ದು. ಹಳೆ ಸಾಲದ ಬಾಕಿ 14 ಲಕ್ಷ ಇತ್ತೆನ್ನಿ. ಹೊಸ ಬ್ಯಾಂಕ್ 20 ಲಕ್ಷ ಮಂಜೂರು ಮಾಡಿ, 14 ಲಕ್ಷವನ್ನು ಹಳೆ ಬ್ಯಾಂಕಿಗೆ ಕಟ್ಟಿ, ಉಳಿದ 6 ಲಕ್ಷವನ್ನು ನಿಮ್ಮ ಖಾತೆಗೆ ಹಾಕಿತು. ಆ ಹಣ ಮಗಳ ಮದುವೆಗೆ ಹೋಯಿತು. ವರ್ಷದ ಕೊನೆಗೆ ಬಂದ ಪತ್ರದಲ್ಲಿ ಬಡ್ಡಿ 1,80,000 ಎಂದಿದ್ದರೆ, ನಿಮಗೆ ಸಲ್ಲುವುದು ಅದರಲ್ಲಿ ನೂರಕ್ಕೆ 70ರ ಪಾಲು, ಅಂದರೆ 1,26,000 ಮಾತ್ರ. ಅದೇ 6 ಲಕ್ಷದಲ್ಲಿ ಮೇಲಂತಸ್ತು ಕಟ್ಟಿಸಿದ್ದರೆ ಮಾತು ಬೇರೆ. ಸಿಮೆಂಟು, ಕಬ್ಬಿಣ, ಗೌಂಡಿ ಕೂಲಿಯ ರಸೀದಿ ಇಟ್ಟುಕೊಂಡವರು ಆ ಬಡ್ಡಿಯನ್ನೂ ಕೇಳಬಹುದು. ಪವರ್‌ಲೂಮ್ ಕೊಂಡಿದ್ದರೆ ಅದರ ಬಡ್ಡಿ ವ್ಯಾಪಾರದ ಖರ್ಚಾಗುತ್ತದೆ, ಮನೆಯ ಲೆಕ್ಕಕ್ಕೆ ಬರದು. ಕಬ್ಬಿನ ಗದ್ದೆಗೆ ಪೈಪ್‌ಲೈನ್ ಎಳೆಸಿದ್ದರೆ ಎಲ್ಲಿಯೂ ಬರದು: ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ ಅದರ ಖರ್ಚಿಗೆ ವಿನಾಯಿತಿ ಎಲ್ಲಿಂದ ಬರಬೇಕು? ಹಳೆ ಬ್ಯಾಂಕಿಗೆ ಕಟ್ಟಿದ 14 ಲಕ್ಷದಲ್ಲಿ ಕಟ್ಟದೇ ಉಳಿದ ಬಡ್ಡಿಯೂ ಸೇರಿದ್ದರೆ ಆ ಭಾಗವನ್ನು ತೆಗೆದೇ ಲೆಕ್ಕ ಹಾಕಬೇಕು. ಬಾಕಿ ಬಡ್ಡಿಯ ಮೇಲಿನ ಬಡ್ಡಿಗೆ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲೇ ತೀರ್ಪು ಕೊಟ್ಟಿದೆ.

‘ಅಡವಿಟ್ಟಿರುವುದು ಮನೆಯನ್ನೇ, ಪತ್ರದಲ್ಲೂ ಗೃಹಸಾಲ ಎಂದೇ ಇದೆಯಲ್ಲ’ ಎಂಬ ವಾದ ಕೇಳಿಬರುತ್ತದೆ. ಬ್ಯಾಂಕಿಗೆ ಬೇಕಾದದ್ದು ಭದ್ರತೆ. ಕಾಯ್ದೆ ಕೇಳುವುದು ಹಣ ಎಲ್ಲಿಗೆ ಹೋಯಿತೆಂದು. ಬಡ್ಡಿ ಎಷ್ಟೆಂದು ಬ್ಯಾಂಕ್ ಬರೆದುಕೊಡಬಹುದು, ಟಾಪ್‌ಅಪ್ ಹಣ ನೀವು ಯಾವುದಕ್ಕೆ ಖರ್ಚು ಮಾಡಿದಿರೆಂದು ಅದಕ್ಕೇನು ಗೊತ್ತು? ‘ಇಷ್ಟು ಸಣ್ಣ ಮೊತ್ತವನ್ನು ಯಾರು ನೋಡುತ್ತಾರೆ’ ಎನ್ನುವವರೂ ಇದ್ದಾರೆ. 2025-26ರ ಕರನಿರ್ಧಾರಣೆ ವರ್ಷದಿಂದ ರಿಟರ್ನ್ ಫಾರಂ ಸಾಲದ ಖಾತೆ ಸಂಖ್ಯೆ, ಮಂಜೂರಾದ ತಾರೀಖು, ಮೊತ್ತ, ಬಾಕಿ ಎಲ್ಲವನ್ನೂ ಕೇಳುತ್ತಿದೆ. ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಸಾಲದ ಮೊತ್ತ ಏರಿದ್ದು ಅಲ್ಲಿಯೇ ಕಾಣುತ್ತದೆ. ಸುಳ್ಳು ಲೆಕ್ಕವೆಂದು ತೀರ್ಮಾನವಾದರೆ ದಂಡ ತೆರಿಗೆಯ ಎರಡು ಪಟ್ಟು. ಕಾರ್ಖಾನೆಯ ಸಂಬಳ ವಿಭಾಗ ಒಪ್ಪಿಕೊಂಡಿತ್ತು ಎಂಬ ಸಬೂಬು ಆಗ ಕೆಲಸಕ್ಕೆ ಬಾರದು.

ಬಾಡಿಗೆಗೆ ಕೊಟ್ಟ ಮನೆಗೆ ಹೊಸ ಪದ್ಧತಿಯಲ್ಲೂ ಬಡ್ಡಿ ಕಳೆಯಬಹುದು, ಆದರೆ ನಷ್ಟ ಬಂದರೆ ಸಂಬಳದಲ್ಲಿ ಹೊಂದಿಸಲಾಗದು. ನೆಂಟರಿಂದ ಸಾಲ ತಂದು ಬ್ಯಾಂಕಿನದು ತೀರಿಸಿದ್ದರೆ, ಅವರಿಂದ ಪತ್ರ ಪಡೆದು ಬಡ್ಡಿಗೆ ವಿನಾಯಿತಿ ಕೇಳಬಹುದು. ಅಸಲಿನ ಮರುಪಾವತಿಗೆ ಮಾತ್ರ 80ಸಿ ಸೆಕ್ಷನ್ ಅಡಿ ವಿನಾಯಿತಿ ಸಿಗದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಅಲ್ಲಿಂದ ಮುಂದಿನ ಆದಾಯಕ್ಕೆ ಸೆಕ್ಷನ್ ಸಂಖ್ಯೆಗಳು ಬೇರೆ.